ತುಕ್ಕು ಹಿಡಿದ ಪಿಕಪ್ಪೂ ನಾಲ್ಕು ಬಾಗಿಲಿನ ಆಸೆಯೂ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಿಂದ ಚರ್ಚಿಗೆ ಹೊರಡುವುದು ಒಂದು ಸಂಸಾರವಲ್ಲ, ಒಂದು ಮೆರವಣಿಗೆ. ಮುಂದೆ ನನ್ನ ಪುಟ್ಟ ಕಾರು. ಅದರ ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಟಕ್ಕರ್ ಮತ್ತು ಐದು ತಿಂಗಳ ಓಪಲ್, ಚಂದ್ರಲೋಕಕ್ಕೆ ಹೊರಟವರ ಹಾಗೆ ತಂತಮ್ಮ ಕುರ್ಚಿಗಳಲ್ಲಿ ಬಿಗಿಸಿಕೊಂಡು ಕೂತಿರುತ್ತಾರೆ. ಮೂರನೆಯ ಕುರ್ಚಿ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಆರು ವರ್ಷದ ಹ್ಯಾಟಿ ಮುಂದೆ, ನನ್ನ ಪಕ್ಕದಲ್ಲಿ. ಅಲ್ಲಿಗೆ ಕಾರು ಭರ್ತಿ. ಇನ್ನು ನನ್ನ ಪತಿರಾಯ ರಾಯ್ಸ್? ಅವನು ನಮ್ಮ ಹಿಂದೆ, ಎಪ್ಪತ್ತೆರಡನೇ ಇಸವಿಯ ತನ್ನ ಪಿಕಪ್ಪಿನಲ್ಲಿ, ಒಬ್ಬಂಟಿಯಾಗಿ, ನಾವು ಎಬ್ಬಿಸಿದ ಧೂಳನ್ನು ಕುಡಿಯುತ್ತ ಬರುತ್ತಾನೆ.

ಊರಿಗೆ ಹೊಸದಾಗಿ ಬಂದ ಪಾದ್ರಿಗಳು ಇದನ್ನು ಕೆಲವು ವಾರ ನೋಡಿದರು. ಆಮೇಲೆ ಒಂದು ಸಂಜೆ ಮನೆಗೇ ಬಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಬೇರೆ ಬೇರೆ ಗಾಡೀಲಿ ಓಡಾಡೋ ಮಟ್ಟಕ್ಕೆ ತಗೊಂಡು ಹೋಗಬಾರದು" ಎಂದರು.

"ಅಯ್ಯೋ, ನಮಗೆ ಜಗಳ ಇಲ್ಲ ಸ್ವಾಮಿ, ಜಾಗ ಇಲ್ಲ!" ಎಂದೆ. ಅವರು ನಂಬಲಿಲ್ಲ. ಹೋಗುವಾಗ ನಮಗಾಗಿ ಪ್ರಾರ್ಥಿಸುವುದಾಗಿ ಹೇಳಿ ಹೋದರು.

ನಿಜ ಹೇಳಬೇಕೆಂದರೆ ಪಾದ್ರಿಗಳ ಮಾತಿಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದದ್ದು ಕಾರಿನ ಕನ್ನಡಿಯಲ್ಲಿ ಕಾಣುತ್ತಿದ್ದ ರಾಯ್ಸ್‌ನ ಮುಖ. ನಾವು ನಾಲ್ವರು ಇಲ್ಲಿ ಹಾಡಿಕೊಂಡು, ಬಿಸ್ಕತ್ತು ಹಂಚಿಕೊಂಡು ಹೋಗುತ್ತಿದ್ದೇವೆ (ಹಾಡು ಎಂದರೆ ಕೂಗಾಟ, ಹಂಚಿಕೆ ಎಂದರೆ ಕಿತ್ತಾಟ, ಆ ಮಾತು ಬೇರೆ). ಅವನು ಮಾತ್ರ ತನ್ನ ಮಕ್ಕಳ ಬೆನ್ನು ನೋಡುತ್ತ ಮೂಕನಂತೆ ಬರುತ್ತಿದ್ದಾನೆ. ಪಾಪ! ಒಂದೇ ಗಾಡಿಯಲ್ಲಿ ನಾವು ಐದೂ ಜನ ಕೂತು ಹೋಗುವ ದಿನ ಬರಬೇಕು. ಅದಕ್ಕಿಂತ ದೊಡ್ಡ ವರ ನನಗೆ ಬೇಕಿರಲಿಲ್ಲ.

ಹಳೇ ಪಿಕಪ್ಪಿನಲ್ಲಿ ಅದು ಆಗದು. ಇರುವುದು ಒಂದೇ ಉದ್ದನೆಯ ಸೀಟು. ಅದಕ್ಕೆ ಸೊಂಟಕ್ಕೆ ಸುತ್ತುವ ಒಂದು ಪಟ್ಟಿ. ಮಕ್ಕಳ ಕುರ್ಚಿ ಬಿಗಿಯುವುದಕ್ಕೆ ಕೊಕ್ಕೆಯೂ ಇಲ್ಲ, ಕೊಂಡಿಯೂ ಇಲ್ಲ. ಆದರೆ ತಾಲ್ಲೂಕು ಪೇಟೆಯ ಷೋರೂಮಿನ ಅಂಗಳದಲ್ಲಿ ಒಂದು ನಿಂತಿತ್ತು ನೋಡಿ, ಹೊಸ ಕಾಲದ್ದು, ನಾಲ್ಕು ಬಾಗಿಲಿನದ್ದು! ಅದು ಪಿಕಪ್ಪಲ್ಲ, ಚಕ್ರವಿರುವ ಅರಮನೆ. ಹಿಂದಿನ ಸೀಟಿನಲ್ಲಿ ಮೂರು ಕುರ್ಚಿ ಇಟ್ಟರೂ ಮೊಣಕೈ ಆಡಿಸಬಹುದು. ಚಳಿಗಾಲಕ್ಕೆ ಸೀಟು ತಾನೇ ಬೆಚ್ಚಗಾಗುತ್ತದೆ. ಲೋಟ ಇಡುವ ಗುಳಿಗಳಂತೂ ಎಷ್ಟಿವೆಯೆಂದರೆ ನಮ್ಮ ಮನೆಯಲ್ಲಿ ಅಷ್ಟು ಲೋಟಗಳೇ ಇಲ್ಲ.

"ಹಳೇದನ್ನ ಮಾರಿಬಿಡೋಣ, ಇದನ್ನ ತಗೊಳ್ಳೋಣ" ಎಂದೆ ರಾಯ್ಸ್‌ಗೆ.

ಅವನು ತಟ್ಟೆಯ ಮೇಲಿನ ಆಲೂಗೆಡ್ಡೆಯನ್ನು ಬಹಳ ಹೊತ್ತು ನೋಡಿದ. "ಮಾರೋಣ. ಆದರೆ ಸರಿಯಾದ ಮನುಷ್ಯನಿಗೆ ಮಾತ್ರ."

ಆ ಮಾತಿನ ಆಳ ನನಗೆ ಆಗ ತಿಳಿಯಲಿಲ್ಲ. ನೆಬ್ರಾಸ್ಕ ರಾಜ್ಯದ ಈ ಮೂಲೆಯಲ್ಲಿ ಹೆಣ್ಣು ಕೊಡುವಾಗ ವರನ ಓದು, ಹೊಲ, ಹಲ್ಲು ಇವನ್ನೆಲ್ಲ ಆಮೇಲೆ ವಿಚಾರಿಸುತ್ತಾರೆ. ಮೊದಲ ಪ್ರಶ್ನೆ, "ಹುಡುಗ ಓಡಿಸೋದು ಯಾವ ಕಂಪನಿ ಪಿಕಪ್ಪು?" ನಮ್ಮಪ್ಪನೂ ಅದನ್ನೇ ಕೇಳಿದ್ದ. ರಾಯ್ಸ್ ಹೇಳಿದ ಉತ್ತರ ನಮ್ಮ ಪಂಗಡದ್ದಲ್ಲ. ಅಪ್ಪ ಮದುವೆಗೆ ಬಂದ, ಊಟವನ್ನೂ ಮಾಡಿದ, ಆದರೆ ಇವತ್ತಿಗೂ ಅಳಿಯನ ಪಿಕಪ್ಪಿಗೆ ಒರಗಿ ನಿಂತವನಲ್ಲ. ಇಂಥ ಜನಕ್ಕೆ ಪಿಕಪ್ಪು ಮಾರುವುದೆಂದರೆ ಮಗಳನ್ನು ಧಾರೆ ಎರೆದು ಕೊಟ್ಟಂತೆ ಎಂದು ನಾನು ಮೊದಲೇ ಊಹಿಸಬೇಕಿತ್ತು.

ನಮ್ಮ ಮಣ್ಣುದಾರಿ ಹೆದ್ದಾರಿಗೆ ಕೂಡುವ ಮೂಲೆಯಲ್ಲಿ ಹುಲ್ಲಿನ ಮೇಲೆ ಅದನ್ನು ನಿಲ್ಲಿಸಿ, ಗಾಜಿಗೆ 'ಮಾರಾಟಕ್ಕಿದೆ' ಎಂದು ಫೋನ್ ನಂಬರಿನ ಸಮೇತ ಬರೆದ ಹಲಗೆ ಒರಗಿಸಿದೆವು. ಸುತ್ತಮುತ್ತಲಿನವರು ಏನು ಮಾರಿದರೂ ಆ ಮೂಲೆಯಲ್ಲೇ. ಕೂತಲ್ಲೇ ಕಾಣಲಿ ಎಂದು ನಾನು ಅಡುಗೆಮನೆಯ ಕಿಟಕಿಯ ಪರದೆ ಸರಿಸಿದೆ.

ಗಿರಾಕಿಗಳಿಗೇನೂ ಬರವಿರಲಿಲ್ಲ! ಹೆದ್ದಾರಿಯಲ್ಲಿ ಹೋಗುವ ಗಂಡಸರೆಲ್ಲ ಇಳಿದರು. ಎಲ್ಲರದೂ ಒಂದೇ ಪೂಜಾವಿಧಿ. ಮೊದಲು ಒಂದು ಪ್ರದಕ್ಷಿಣೆ. ಆಮೇಲೆ ಮುಂದಿನ ಚಕ್ರಕ್ಕೆ ಬೂಟುಗಾಲಿನಿಂದ ಒಂದು ಒದೆ. ಚಕ್ರ ಏನು ಉತ್ತರ ಕೊಡುತ್ತದೋ ನಾನು ಕಾಣೆ, ಒದ್ದವರು ಮಾತ್ರ ತಲೆದೂಗುತ್ತಿದ್ದರು. ಕೊನೆಗೆ ಬಾನೆಟ್ ಎತ್ತಿ, ತೊಟ್ಟಿಲಲ್ಲಿನ ಕೂಸನ್ನು ನೋಡುವಂತೆ ಬಗ್ಗಿ, ಬಹಳ ಹೊತ್ತಿನ ಮೌನದ ನಂತರ, "ಹ್ಞೂಂ..." ಅಷ್ಟೇ. ಮನೆಗೆ ಹೋಗುತ್ತಿದ್ದರು.

ಹೋಗದೆ ಉಳಿದವರನ್ನು ಓಡಿಸುವ ಹೊಣೆ ರಾಯ್ಸ್‌ನದು. ಧಾನ್ಯದ ಗೋದಾಮಿನ ಕೆಲಸ ಮುಗಿಸಿ ಬಂದವನೇ ನೇರ ಮೂಲೆಗೆ ಹೋಗಿ ಗಿರಾಕಿಯ ಪಕ್ಕ ನಿಲ್ಲುತ್ತಿದ್ದ. ಒಂದು ದಿನ ಓಪಲ್‌ಳನ್ನು ಎತ್ತಿಕೊಂಡು ನಾನೂ ಹೋಗಿ ಕೇಳಿಸಿಕೊಂಡೆ.

"ಎಂಜಿನ್ ಹೇಗಿದೆಯಪ್ಪಾ?" ಎಂದ ಗಿರಾಕಿ.

"ಎಣ್ಣೆ ಕುಡಿಯುತ್ತೆ."

"ಬ್ರೇಕು?"

"ಇದೆ. ಆದರೆ ನಿಲ್ಲಬೇಕು ಅಂತ ನೀವು ಸ್ವಲ್ಪ ಮೊದಲೇ ತೀರ್ಮಾನ ಮಾಡಬೇಕು."

"ಬಾಗಿಲು ಗಟ್ಟಿ ಇದೆಯಾ?"

"ಬಲಗಡೇದು ತಿರುವಿನಲ್ಲಿ ತಾನಾಗೇ ತೆಗೆದುಕೊಳ್ಳುತ್ತೆ. ಎಡಗಡೇದು ಏನು ಮಾಡಿದರೂ ತೆಗೆಯಲ್ಲ."

ಗಿರಾಕಿ ಹೋದ ಮೇಲೆ ನಾನು ಸಿಡಿದೆ. "ನೀನು ಮಾರ್ತಾ ಇದೀಯೋ, ಅದರ ಮೇಲೆ ಸಾಕ್ಷಿ ಹೇಳ್ತಾ ಇದೀಯೋ?"

"ಸುಳ್ಳು ಹೇಳಲಾ?"

"ಸುಳ್ಳು ಬೇಡ ಮಾರಾಯ. ಕೇಳಿದ್ದಕ್ಕೆ ಮಾತ್ರ ಹೇಳು!"

"ಅವರು ಕೇಳಿದ್ದಕ್ಕೇ ಹೇಳಿದ್ದು. ಅದೂ ಅಲ್ಲದೆ, ಅವನು ಸರಿಯಿಲ್ಲ ಬಿಡು. ಬಾನೆಟ್ಟನ್ನ ಧಡಾರ್ ಅಂತ ಮುಚ್ಚಿದ, ನೋಡಲಿಲ್ಲವಾ?"

ಇದರ ಮೇಲೆ ನೆರೆಮನೆಯ ಮರ್ಲಿನ್ ಅಜ್ಜನ ಕಾಟ. ಹೊಲ ಮಗನಿಗೆ ವಹಿಸಿ ಕೂತಿರುವ ಮನುಷ್ಯ, ಹೊತ್ತು ಹೋಗುವುದಿಲ್ಲ. ದಿನಾ ಬಂದು ಪಿಕಪ್ಪಿನ ಹಿಂಬಾಗಿಲನ್ನು ಇಳಿಸಿ, ಅದರ ಮೇಲೆ ಕೂತು, ನಾನು ಕಾಫಿ ತರುವವರೆಗೂ ಹವಾಮಾನ ಹೇಳುತ್ತಿದ್ದ.

"ಮಗಳೇ, ಇದನ್ನ ಒಂದು ಗಳಿಗೆ ತಗೊಂಡು ಹೋಗಲಾ? ನನ್ನ ತಂಗಿ ಮನೆ ಸೋಫಾ ಸಾಗಿಸಬೇಕು."

"ಅಜ್ಜಾ, ಇದು ಮಾರಾಟಕ್ಕಿದೆ!"

"ಹೌದಲ್ಲ, ಅದಕ್ಕೇ. ಮಾರಿಹೋಗೋ ಮುಂಚೆ ಸಾಗಿಸಿಬಿಡೋಣ ಅಂತ."

ಪಿಕಪ್ಪು ಇರುವವನ ಮನೆಗೆ ಊರಿನ ಸೋಫಾಗಳೆಲ್ಲ ನೆಂಟರು. ಹಲಗೆಯ ಸಮೇತ ಅದು ಸೋಫಾ ಹೊತ್ತು ಹೊರಟಿತು. ಆ ಮಧ್ಯಾಹ್ನವೆಲ್ಲ ಎಲ್ಲೆಲ್ಲಿಂದಲೋ ಫೋನು ಬಂತು. "ಗಾಡಿ ಬೇಡಮ್ಮಾ, ಆ ಸೋಫಾ ಎಷ್ಟಕ್ಕೆ ಕೊಡ್ತೀರಿ?"

ಹೀಗಾದರೆ ಓಪಲ್‌ಗೆ ಮದುವೆಯ ವಯಸ್ಸಾದರೂ ನಾವು ಎರಡು ಗಾಡಿಯಲ್ಲೇ ಓಡಾಡುತ್ತಿರುತ್ತೇವೆ ಎಂದು ನನಗೆ ಖಾತ್ರಿಯಾಯಿತು. ರಾಜ್ಯಭಾರವನ್ನು ನಾನೇ ವಹಿಸಿಕೊಂಡೆ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿ ಒಂದು ಫೋಟೊ ತೆಗೆದು ಅಂತರ್ಜಾಲಕ್ಕೆ ಹಾಕಿದೆ. ದೋಷಗಳ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಸಂಜೆಯೊಳಗೆ ಓಮಾಹಾ ನಗರದಿಂದ ಪ್ರೆಸ್ಟನ್ ಎಂಬುವವನ ಫೋನು ಬಂತು. "ಬೇರೆ ಯಾರಿಗೂ ತೋರಿಸಬೇಡಿ ಮೇಡಂ. ಶನಿವಾರ ಮಧ್ಯಾಹ್ನ ಟ್ರೈಲರ್ ಕಟ್ಟಿಕೊಂಡೇ ಬರ್ತೀನಿ." ಚೌಕಾಸಿಯ ಮಾತೇ ಇಲ್ಲ! ಫೋನಿಟ್ಟು ಟಕ್ಕರ್‌ನನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಕುಣಿದೆ.

ಶನಿವಾರ ಬಂತು. ಮೆಕ್ಕೆಜೋಳದ ಕೊಯ್ಲಿನ ಕಾಲವಾದ್ದರಿಂದ ರಾಯ್ಸ್ ಬೆಳಕು ಹರಿಯುವ ಮೊದಲೇ ಗೋದಾಮಿಗೆ ಹೋಗಿದ್ದ. ಮಕ್ಕಳನ್ನು ನೋಡಿಕೊಳ್ಳಲು ಮೂವತ್ತು ಮೈಲಿ ಆಚೆಯಿಂದ ನಮ್ಮ ಅತ್ತೆ ಲವೋನ್ ಬಂದಿದ್ದರು. ಕಿಟಕಿಯಲ್ಲಿ ಬಗ್ಗಿ ನೋಡಿ, "ಅದನ್ನ ಹಾಗೇ ಕೊಡ್ತೀಯೇನಮ್ಮಾ? ಸಂತೆಗೆ ಹೊಡೆಯೋ ಹಸೂನೂ ಮೈತೊಳೆದು ಹೊಡೀತಾರೆ" ಎಂದರು.

ಮಾತು ನಾಟಿತು. ನೆಂಟರು ಬರುತ್ತಾರೆಂದರೆ ಹಾಸಿಗೆಯ ಕೆಳಗೂ ಗುಡಿಸುವ ಜಾತಿ ನಾನು. ನಗರದಿಂದ ಒಬ್ಬ ಮನುಷ್ಯ ಅಷ್ಟು ದೂರ ಬರುತ್ತಿದ್ದಾನೆ. ಅವನ ಮುಂದೆ ಆ ಅವತಾರವೇ? ಮೈತುಂಬ ತುಕ್ಕಿನ ಕಜ್ಜಿ. ಬಿಸಿಲಿಗೆ ಸುಟ್ಟು ಸೀದ ಹಸಿರು ಬಣ್ಣ. ಎರಡೂ ಬಾಗಿಲ ಮೇಲೆ, ನಾನು ಹುಟ್ಟುವ ಮೊದಲೇ ಮುಚ್ಚಿಹೋದ 'ಝೆಲೆಂಕಾ ಬೀಜದಂಗಡಿ' ಎಂಬ ಹೆಸರು, ಅರ್ಧ ಅಕ್ಷರ ಇದೆ, ಅರ್ಧ ಇಲ್ಲ.

ಓಪಲ್‌ಳ ಕೋಣೆಗೆ ಹೊಡೆದು ಮಿಕ್ಕಿದ ಬಣ್ಣ ಅಟ್ಟದಲ್ಲಿತ್ತು. ಬೆಣ್ಣೆಯಂಥ ಹಳದಿ. ಮೊದಲು ತುಕ್ಕನ್ನು ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ತಿಕ್ಕಿದೆ. ತೋಳು ಬಿದ್ದುಹೋಗುವಂತೆ ತಿಕ್ಕಿದೆ. ಅತ್ತೆ ಒಂದು ಕೈಯಲ್ಲಿ ಓಪಲ್‌ಳನ್ನು, ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಹಿಡಿದು, "ಆ ಮೂಲೆ... ಹ್ಞಾ, ಈ ಮೂಲೆ..." ಎಂದು ಆಜ್ಞೆ ಕೊಡುತ್ತಿದ್ದರು. ಹ್ಯಾಟಿ ಚಕ್ರದ ಬಟ್ಟಲುಗಳಿಗೆ ಬಳಿದಳು. ಟಕ್ಕರ್ ತನಗೆ ಬಳಿದುಕೊಂಡ. ಮುಗಿಯುವ ಹೊತ್ತಿಗೆ ಪಿಕಪ್ಪು ಹುಟ್ಟುಹಬ್ಬದ ಕೇಕಿನ ಹಾಗೆ ಹೊಳೆಯುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಪ್ರೆಸ್ಟನ್ ಹೇಳಿದ ಹೊತ್ತಿಗೇ ಬಂದ. ಧೂಳು ಕಾಣದ ಬೂಟು, ಬೆವರು ಕಾಣದ ಹ್ಯಾಟು. ಟ್ರೈಲರಿನಿಂದ ಹಗ್ಗ ಬಿಚ್ಚುತ್ತ, "ಎಲ್ಲಿದೆ ಮೇಡಂ ಗಾಡಿ?" ಎಂದ.

"ನಿಮ್ಮ ಮುಂದೇ ಇದೆಯಲ್ಲ!"

ಅವನು ನೋಡಿದ. ಹಗ್ಗ ಕೈಯಿಂದ ಜಾರಿತು. ಬಾಗಿಲ ಹತ್ತಿರ ಹೋಗಿ, ಸತ್ತವರ ಹಣೆ ಮುಟ್ಟುವವನ ಹಾಗೆ ಬೆರಳಿಟ್ಟ. ಬೆರಳಿಗೆ ಹಳದಿ ಅಂಟಿತು.

"ಇಲ್ಲಿ ಅಕ್ಷರಗಳಿದ್ದವು..."

"ಹ್ಞೂಂ, ಎರಡು ಕೈ ಬಳಿದ ಮೇಲೇ ಮುಚ್ಚಿದ್ದು."

"ತುಕ್ಕು?"

"ಎಲ್ಲಾ ತಿಕ್ಕಿದೀನಿ," ಎಂದೆ ಹೆಮ್ಮೆಯಿಂದ. "ಒಂದು ಚೂರೂ ಬಿಟ್ಟಿಲ್ಲ."

ಅವನು ಹುಲ್ಲಿನ ಮೇಲೆ ಕೂತುಬಿಟ್ಟ. ಅತ್ತೆ ನೀರು ತಂದುಕೊಟ್ಟರು. ನೀರು ಕುಡಿದು, ಬಹಳ ಸೌಮ್ಯವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದ. "ಮೇಡಂ, ಎಂಜಿನ್ ನನಗೆ ಬೇಕಿರಲಿಲ್ಲ. ಬ್ರೇಕೂ ಬೇಕಿರಲಿಲ್ಲ. ಅದೆಲ್ಲ ಅಂಗಡೀಲಿ ಸಿಗುತ್ತೆ. ಬೇಕಾಗಿದ್ದು ಆ ತುಕ್ಕು. ಅದು ಐವತ್ತು ವರ್ಷದ ಬಿಸಿಲಿಗೆ ಮಾತ್ರ ಬರೋದು. ಇಂಥಾ ತುಕ್ಕು, ಇಂಥಾ ಬಾಗಿಲು ಸಿಕ್ಕಿದರೆ ಮೇಲೆ ಗಾಜಿನ ಹಾಗೆ ವಾರ್ನಿಷ್ ಹೊಡೆದು ಕಾಪಾಡ್ತಾರೆ ಜನ. ನೀವು..." ಎಂದವನು ಎದ್ದು ಹಗ್ಗ ಸುತ್ತಿಕೊಂಡ. ಬರಿದಾದ ಟ್ರೈಲರು ಗಡಗಡ ಎನ್ನುತ್ತ ಹೆದ್ದಾರಿ ಸೇರಿತು.

"ತುಕ್ಕು ಬೇಕಿತ್ತಂತೆ!" ಎಂದರು ಅತ್ತೆ, ಅವನು ಮರೆಯಾದ ಮೇಲೆ. "ನಗರದ ನೀರೇ ಸರಿಯಿಲ್ಲ ಬಿಡು." ಅಷ್ಟು ಹೇಳಿ, ಹೊಲಕ್ಕೆ ಬೆಂಕಿ ಬಿದ್ದವರ ಹಾಗೆ ಅವಸರವಸರವಾಗಿ ತಮ್ಮ ಊರಿಗೆ ಹೊರಟುಬಿಟ್ಟರು. ಹಸುವಿನ ಗಾದೆ ಹೇಳಿದವರು ಯಾರು ಎಂಬ ಪ್ರಶ್ನೆ ಬರುವ ಮುಂಚೆ.

ಸಂಜೆ ರಾಯ್ಸ್ ಬಂದ. ನಾನು ಪಿಕಪ್ಪಿನ ಪಕ್ಕದಲ್ಲೇ, ಬ್ರಷ್ಷು ಹಿಡಿದು, ಮೂಗು ಕೆಂಪಾಗಿಸಿಕೊಂಡು ನಿಂತಿದ್ದೆ. ಎಲ್ಲವನ್ನೂ ಬಿಕ್ಕುತ್ತ ಹೇಳಿದೆ. ಅವನು ಒಂದು ಪ್ರದಕ್ಷಿಣೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಅಳು ಬೇಗ ಮುಗಿಯುತ್ತಿತ್ತು.

"ಓಪಲ್ ರೂಮಿನ ಬಣ್ಣವಾ?"

"ಹ್ಞೂಂ."

"ಮಿಕ್ಕಿದೆಯಾ?"

"ಯಾಕೆ?"

"ಹಿಂಬಾಗಿಲು ಬಿಟ್ಟುಬಿಟ್ಟಿದೀಯ."

ಬ್ರಷ್ಷು ಇಸಿದುಕೊಂಡು ತಾನೇ ಬಳಿದ. ಎಂಥಾ ಒಳ್ಳೆಯ ಗಂಡ ಎಂದು ನನ್ನ ಎದೆ ತುಂಬಿತು. (ಬಳಿಯುವಾಗ ಅವನು ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಅದರ ಅರ್ಥವನ್ನು ಆಗಲೇ ವಿಚಾರಿಸಬೇಕಿತ್ತು.)

ಆದರೆ ಹಟ ಬಿಡುವವಳಲ್ಲ ನಾನು. ಮಾರಬೇಕಾದದ್ದು ಮಾರಿಹೋಗದಿದ್ದರೆ, ಮಾರಿಹೋಗುವುದನ್ನು ಮಾರಬೇಕು. ಸೋಮವಾರ ಅದೇ ಮೂಲೆಯಲ್ಲಿ ನನ್ನ ಪುಟ್ಟ ಕಾರನ್ನು ನಿಲ್ಲಿಸಿದೆ. ಮದುವೆಗೆ ಮೊದಲು ನಾನೇ ದುಡಿದು ಕೊಂಡದ್ದು. ಮೂರೂ ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು. ಒಬ್ಬ ಗಂಡಸೂ ಇಳಿಯಲಿಲ್ಲ. ಯಾರೂ ಒದೆಯಲಿಲ್ಲ, ಯಾರೂ ಬಾನೆಟ್ ಎತ್ತಿ ಧ್ಯಾನ ಮಾಡಲಿಲ್ಲ. ಶಾಲೆಯ ಟೀಚರಮ್ಮ ಒಬ್ಬಳು ಬಂದಳು. "ಓಡುತ್ತಾ?" ಎಂದಳು. "ಓಡುತ್ತೆ" ಎಂದೆ. ಕೊಂಡು ಹೋದಳು. ಸೀಟಿನ ಸಂದಿನ ಬಿಸ್ಕತ್ತಿನ ಪುಡಿಯನ್ನು ಕೆದಕಿ ತೆಗೆಯುವಾಗ ಎರಡು ಹನಿ ಕಣ್ಣೀರು ಹಾಕಿದ್ದು ನಿಜ. ಆ ಕಾರಿನ ದುಡ್ಡಿನ ಬಲದ ಮೇಲೆ, ಉಳಿದದ್ದಕ್ಕೆ ಕಂತು ಮಾಡಿಸಿಕೊಂಡು, ನಾಲ್ಕು ಬಾಗಿಲಿನ ಅರಮನೆ ನಮ್ಮ ಅಂಗಳಕ್ಕೆ ಬಂತು. ಅದರ ಪಕ್ಕದಲ್ಲಿ ಹಳದಿ ಮುದುಕಪ್ಪನೂ ನಿಂತ.

ಭಾನುವಾರ! ಚರ್ಚು ಮುಗಿಸಿ, ಪ್ರತಿ ಭಾನುವಾರದ ಹಾಗೆ ಅತ್ತೆಯ ಮನೆಗೆ ಊಟಕ್ಕೆ, ಆದರೆ ಈ ಸಲ ಐದೂ ಜನ ಒಂದೇ ಗಾಡಿಯಲ್ಲಿ ಹೊರಟೆವು. ಹಿಂದೆ ಸಾಲಾಗಿ ಮೂರು ಕುರ್ಚಿ, ಮುಂದೆ ಸ್ಟಿಯರಿಂಗ್ ಹಿಡಿದ ಗಂಡ, ಪಕ್ಕದಲ್ಲಿ ನಾನು. "ಹೇಗಿದೆ?" ಎಂದು ಅವನ ಕೈ ಒತ್ತಿದೆ.

"ಚೆನ್ನಾಗಿದೆ," ಎಂದ ರಾಯ್ಸ್.

ಊರ ಗಡಿ ದಾಟಿರಲಿಲ್ಲ. ನಾನು ಒಂದು ಸಣ್ಣ ಸಂಗತಿ ಮರೆತಿದ್ದೆ. ಇಷ್ಟು ದಿನ ಹ್ಯಾಟಿ ಮುಂದೆ, ಟಕ್ಕರ್ ಹಿಂದೆ. ಒಬ್ಬರ ಕೈ ಇನ್ನೊಬ್ಬರಿಗೆ ಎಟುಕುತ್ತಿರಲಿಲ್ಲ. ಈಗ ಭುಜಕ್ಕೆ ಭುಜ.

"ಅಮ್ಮಾ, ಇವನು ನನ್ನ ಕಡೆ ಉಸಿರಾಡ್ತಿದಾನೆ!"

"ಅವಳೇ ನನ್ನ ಕಡೆ ನೋಡಿದ್ದು!"

"ಅಪ್ಪಾ, ಹಸುಗೆ ಮೊಣಕಾಲು ಎಷ್ಟು? ಅಪ್ಪಾ? ಅಪ್ಪಾ! ಅಪ್ಪಂಗೆ ಕೇಳಿಸ್ತಿಲ್ಲ, ಜೋರಾಗಿ ಹೇಳ್ತೀನಿ!"

ಒಂದು ಷೂ ನಮ್ಮಿಬ್ಬರ ಮಧ್ಯೆ ಹಾರಿ ಬಂದು ಲೋಟದ ಗುಳಿಯಲ್ಲಿ ಕೂತಿತು. ಓಪಲ್ ಎದ್ದು ಏಳನೇ ಸ್ವರಕ್ಕೆ ಏರಿದಳು. ಹ್ಯಾಟಿ ಭಾನುವಾರದ ಶಾಲೆಯಲ್ಲಿ ಕಲಿತ ಹಾಡಿನ ಮೊದಲ ಸಾಲನ್ನು, ಅದೊಂದೇ ಸಾಲನ್ನು, ಹಾಡತೊಡಗಿದಳು. ನನಗೆ ಇದು ನಿತ್ಯದ್ದು. ರಾಯ್ಸ್ ಮಾತ್ರ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಸಮುದ್ರದಲ್ಲಿ ಹಲಗೆ ಸಿಕ್ಕವನಂತೆ ಕೂತಿದ್ದ. ಅತ್ತೆಯ ಮನೆಯಲ್ಲಿ ದಾಲ್ಚಿನ್ನಿಯ ಸಿಹಿ ರೋಲನ್ನು, ಈ ಕಡೆಯ ರೂಢಿಯಂತೆ, ಬೀನ್ಸ್ ಕಾಳು ಮಾಂಸದ ಖಾರದ ಸಾರಿನಲ್ಲಿ ಅದ್ದಿ ಅದ್ದಿ ತಿಂದ, ಒಂದು ಮಾತೂ ಆಡಲಿಲ್ಲ. "ಹುಷಾರಿಲ್ಲವೇನೋ?" ಎಂದು ಅತ್ತೆ ಅವನ ಹಣೆ ಮುಟ್ಟಿದರು.

ನನ್ನ ತಲೆಯಲ್ಲಿ ಬೇರೆಯೇ ದೀಪ ಹತ್ತಿತ್ತು. ಇಷ್ಟು ತಿಂಗಳು ಕನ್ನಡಿಯಲ್ಲಿ ನಾನು ಕಂಡದ್ದು ಒಂಟಿತನದ ಮುಖವಲ್ಲ! ಅದು ನೆಮ್ಮದಿಯ ಮುಖ. ಪ್ರತಿ ಭಾನುವಾರ, ಹೋಗುತ್ತ ಮೂವತ್ತು ಮೈಲಿ, ಬರುತ್ತ ಮೂವತ್ತು ಮೈಲಿ, ಈ ಮನುಷ್ಯ ನನ್ನ ಕಣ್ಣೆದುರಿಗೇ ರಜಾ ಅನುಭವಿಸುತ್ತಿದ್ದ. ನಾನು ಮುಂದೆ ಕೂತು ಅವನಿಗಾಗಿ ಮರುಗುತ್ತಿದ್ದೆ!

ಮುಂದಿನ ಭಾನುವಾರ ಮಕ್ಕಳಿಗೆ ಷೂ ಹಾಕಿದವಳೇ ಹಳೇ ಪಿಕಪ್ಪಿನ ಕೀಲಿ ತೆಗೆದುಕೊಂಡು ಅಂಗಳಕ್ಕೆ ಬಂದೆ. ರಾಯ್ಸ್ ಆಗಲೇ ಅದರ ಬಾಗಿಲ ಹತ್ತಿರ ನಿಂತು ಜೇಬು ತಡಕುತ್ತಿದ್ದ.

"ಕೀಲಿ ಕಾಣ್ತಿಲ್ಲ," ಎಂದ.

"ನನ್ನ ಹತ್ರ ಇದೆ. ಓಡಿಸದೇ ಇದ್ದರೆ ಬ್ಯಾಟರಿ ಸಾಯುತ್ತೆ. ಅದಕ್ಕೇ ನಾನು ಇದರಲ್ಲಿ ಬರ್ತೀನಿ."

"ನಾನೂ ಅದೇ ಯೋಚನೆ ಮಾಡಿದೆ. ನಿನಗ್ಯಾಕೆ ತೊಂದರೆ, ಗೇರು ಗಟ್ಟಿ ಇದೆ."

"ಪರವಾಗಿಲ್ಲ, ತೋಳಿಗೆ ಒಳ್ಳೇದು."

"ಎಲ್ಲರೂ ಒಂದೇ ಗಾಡೀಲಿ ಹೋಗಬೇಕು ಅಂತ ಅತ್ತೋಳು ನೀನು!"

"ಒಂದು ಸಲ ಹೋದೆವಲ್ಲ."

ಕೊನೆಗೆ ಒಪ್ಪಂದವಾಯಿತು. ಹೋಗುವಾಗ ನಾನು, ಬರುವಾಗ ಅವನು.

ಆಹಾ, ಚರ್ಚಿನಿಂದ ಅತ್ತೆಯ ಮನೆಯ ಅರ್ಧ ದಾರಿಯವರೆಗಿನ ಆ ಹದಿನೈದು ಮೈಲಿ! ಕಿಟಕಿಯ ಗಾಜು ಮೇಲೇರುವುದಿಲ್ಲ, ಸೀಟಿನ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತದೆ, ಬಲಬಾಗಿಲು ತಿರುವಿನಲ್ಲಿ ಎರಡು ಸಲ ತೆರೆದು ಮುಚ್ಚಿತು. ಯಾರೂ "ಅಮ್ಮಾ" ಎನ್ನಲಿಲ್ಲ. ಕೊಯ್ದ ಜೋಳದ ಹೊಲಗಳ ಮೇಲೆ ಬಿಸಿಲು ಮಲಗಿತ್ತು. ಮುಂದೆ ಹೋಗುತ್ತಿದ್ದ ಅರಮನೆಯ ಹಿಂಗಾಜಿನಲ್ಲಿ ಒಂದು ಕಾಲುಚೀಲ ಮೇಲೆ ಹಾರಿದ್ದನ್ನು ನೋಡಿ ನನಗೆ ನಗು ಬಂತು.

ಆ ಗಾಡಿ ಇದ್ದಕ್ಕಿದ್ದಂತೆ ದಾರಿಯ ಪಕ್ಕಕ್ಕೆ ನಿಂತಿತು. ಅದರ ಹಿಂದೆಯೇ ನಾನೂ ನಿಲ್ಲಿಸಿದೆ. ರಾಯ್ಸ್ ಇಳಿದು, ಮುಖ ಜೋಲುಹಾಕಿಕೊಂಡು ನನ್ನ ಕಿಟಕಿಗೆ ಬಂದ.

"ಓಪಲ್‌ಗೆ ಹಸಿವು, ಚಿನ್ನ. ಒಂದೇ ಸಮ ಅಳ್ತಿದಾಳೆ. ಅದೊಂದು ನನ್ನ ಕೈಲಾಗೋ ಕೆಲಸ ಅಲ್ಲವಲ್ಲ..."

ತಾಯಿಕರುಳು! ಎಡಬಾಗಿಲು ತೆಗೆಯುವುದಿಲ್ಲವಾದ್ದರಿಂದ ಸೀಟಿನುದ್ದಕ್ಕೂ ಜಾರಿ, ಬಲಬಾಗಿಲಿನಿಂದ ಧುಮುಕಿ, ಚರ್ಚಿನ ಉಡುಪಿನಲ್ಲೇ ಓಡಿದೆ. ಹಿಂದಿನ ಬಾಗಿಲು ತೆರೆದೆ.

ಓಪಲ್ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಗಲ್ಲದ ಮೇಲೆ ಒಂದು ಹನಿ ಕಣ್ಣೀರಿನ ಗುರುತೂ ಇಲ್ಲ.

ತಿರುಗಿ ನೋಡುವಷ್ಟರಲ್ಲಿ ಬೆಣ್ಣೆ ಹಳದಿಯ ಮುದುಕಪ್ಪ ನನ್ನ ಪಕ್ಕದಿಂದಲೇ ಹಾದುಹೋದ. ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿ ರಾಯ್ಸ್ ನನಗೆ ನಮಸ್ಕಾರ ಹೇಳಿದ, ಹೆದ್ದಾರಿಯಲ್ಲಿ ಎದುರಾದ ಅಪರಿಚಿತರಿಗೆ ಹೇಳುವ ಹಾಗೆ. ಬರುವಾಗಿನ ಸರದಿಯಂತೂ ಹೇಗೂ ಅವನದೇ.

ನಾನು ಅರಮನೆ ಏರಿ, ಬೆಚ್ಚನೆಯ ಸೀಟಿನಲ್ಲಿ ಕೂತು ಗಾಡಿ ಹೊರಡಿಸಿದೆ. ಧೂಳೆಲ್ಲ ನಮ್ಮ ಗಾಜಿನ ಮೇಲೆ.

"ಅಮ್ಮಾ," ಎಂದಳು ಹ್ಯಾಟಿ ಹಿಂದಿನಿಂದ, "ಅಪ್ಪ ಅಷ್ಟು ದೂರ ಒಬ್ಬನೇ ಹೋಗ್ತಿದಾನೆ. ಪಾಪ ಅಲ್ವಾ?"

"ಹೌದು ಕಂದಾ," ಎಂದೆ ಹಲ್ಲು ಕಚ್ಚಿಕೊಂಡು. "ತುಂಬಾ ಪಾಪ."